ಬೇಸಗೆಯ ಸಭೆಗೆ ಒಲೆ ಹಚ್ಚದ ತಿಂಡಿ: ಹಣ್ಣು-ಪನೀರ್ ಕೋಸಂಬರಿ ಮತ್ತು ರಸಾಯನ



ಮಾರ್ಚ್‌ನಿಂದ ಮೇ ತನಕ ನಮ್ಮ ಗಡಿನಾಡಿನಲ್ಲಿ ಕಾರ್ಯಕ್ರಮಗಳ ಕಾಲ. ಮದುವೆ, ಉಪನಯನ, ಬ್ರಹ್ಮಕಲಶೋತ್ಸವಗಳ ನಡುವೆ ಮಕ್ಕಳ ರಜಾ ಶಿಬಿರ, ಪುಸ್ತಕ ಬಿಡುಗಡೆ, ಮಹಾಸಭೆ ಎಲ್ಲವೂ ಇದೇ ಸೆಕೆಯಲ್ಲಿ ಆಗಬೇಕು. ಮಧ್ಯಾಹ್ನದ ಬಿಸಿಲಿಗೆ ಕಾದ ಶೀಟಿನ ಮಾಡಿನ ಕೆಳಗೆ ನಿಂತು ಗೋಳಿಬಜೆ ಕರಿಯುವವರ ಕಷ್ಟ ಕರಿದವರಿಗೇ ಗೊತ್ತು. ಆದ್ದರಿಂದ ಒಲೆಯ ಅಗತ್ಯವೇ ಇಲ್ಲದ ಎರಡು ತಿಂಡಿಗಳ ವಿವರವನ್ನು ಇಲ್ಲಿ ಕೊಟ್ಟಿದೆ. ಎರಡೂ 25 ಜನರ ಲೆಕ್ಕಕ್ಕೆ. ಹೆಚ್ಚು ಜನರಿದ್ದರೆ ಅದೇ ಪ್ರಮಾಣದಲ್ಲಿ ಹೆಚ್ಚಿಸಿಕೊಳ್ಳಬಹುದು.

ಒಲೆ ಹಚ್ಚದ ಅಡುಗೆ ನಮಗೆ ಹೊಸತಲ್ಲ

ರಾಮನವಮಿಯ ಪಾನಕ-ಕೋಸಂಬರಿ, ಗಣಪತಿಯ ಪಂಚಕಜ್ಜಾಯ, ಸೇಮಗೆಯ ಜೊತೆಗಿನ ಬಾಳೆಹಣ್ಣಿನ ರಸಾಯನ, ಕಾಟುಮಾವಿನ ಹಣ್ಣು ಹಿಚುಕಿ ಮಾಡುವ ಗೊಜ್ಜು, ಇವೆಲ್ಲ ಬೇಯಿಸದೆ ಮಾಡುವಂಥವೇ. ಹೊರದೇಶಗಳಲ್ಲಿಯೂ ಬೇಸಗೆಗೆ ಇಂಥ ತಿಂಡಿ ಉಂಟು. ಗ್ರೀಸ್‌ನಲ್ಲಿ ಕಲ್ಲಂಗಡಿ ಹಣ್ಣಿನ ಜೊತೆ ಫೆಟಾ ಎಂಬ ಉಪ್ಪುಪ್ಪಾದ ಚೀಸ್ ತಿನ್ನುತ್ತಾರೆ. ಸಿಹಿ ಹಣ್ಣು ಮತ್ತು ಉಪ್ಪು ಚೀಸ್ ಸೇರಿದಾಗ ಬರುವ ರುಚಿಯೇ ಅದರ ಗುಟ್ಟು. ನಮಗೆ ಸುಲಭವಾಗಿ ಸಿಗುವುದು ಪನೀರ್. ಅದರಲ್ಲಿ ಉಪ್ಪಿಲ್ಲ, ನಾವೇ ಸೇರಿಸಿಕೊಳ್ಳಬೇಕು.

ಚೀಸ್‌ಗೆ ಕನ್ನಡದಲ್ಲಿ ಗಿಣ್ಣು ಎಂದು ಬರೆಯುವ ರೂಢಿಯಿದೆ. ಆದರೆ ನಮ್ಮ ಮನೆಗಳಲ್ಲಿ ಗಿಣ್ಣು ಎಂದರೆ ಹಸು ಕರು ಹಾಕಿದ ಮೊದಲ ದಿನಗಳ ಹಾಲಿನಿಂದ ಮಾಡುವ ಸಿಹಿ. ಗೊಂದಲ ಬೇಡವೆಂದು ಇಲ್ಲಿ ಚೀಸ್, ಪನೀರ್ ಎಂದೇ ಬರೆದಿದೆ. ಪನೀರ್‌ಗೆ ಹಾಲನ್ನು ನಿಂಬೆರಸದಂಥ ಹುಳಿಯಿಂದ ಒಡೆಯುತ್ತಾರೆ. ಕೆಲವು ವಿದೇಶೀ ಚೀಸ್‌ಗಳಿಗೆ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುವುದುಂಟು. ಸಸ್ಯಾಹಾರಿಗಳು ಚೀಸ್ ಕೊಳ್ಳುವಾಗ ಪೊಟ್ಟಣದ ಮೇಲೆ ಹಸಿರು ಚುಕ್ಕೆ ಇದೆಯೇ ಎಂದು ನೋಡಿಕೊಂಡರೆ ಸಾಕು. ಪನೀರ್ ಈಚೆ ಬದಿಯಲ್ಲಿ ಮಿಲ್ಮಾ, ತಲಪಾಡಿ ದಾಟಿದರೆ ನಂದಿನಿ, ಯಾವುದಾದರೂ ಆದೀತು. ತಾರೀಕು ನೋಡಿ ಕೊಳ್ಳಿ.

1. ಹಣ್ಣು-ಪನೀರ್ ಕೋಸಂಬರಿ

ಬೇಕಾಗುವ ಸಾಮಾನು:
- ಪನೀರ್ 600 ಗ್ರಾಂ
- ಬಚ್ಚಂಗಾಯಿ (ಕಲ್ಲಂಗಡಿ) ಸುಮಾರು 3 ಕಿಲೋದ್ದು ಒಂದು. ಮಲಯಾಳ ಮಾತನಾಡುವ ಅಂಗಡಿಯಲ್ಲಿ ವತ್ತಕ್ಕ ಎಂದು ಕೇಳಿ
- ಗಟ್ಟಿಯಾಗಿರುವ ಮಾವಿನ ಹಣ್ಣು 4. ಮುಂಡಪ್ಪ ಅಥವಾ ಬಾದಾಮಿ ಉತ್ತಮ. ಕಾಟುಮಾವಿನಲ್ಲಿ ನಾರು ಹೆಚ್ಚು, ಹೋಳಿಗೆ ಆಗದು
- ತೆಂಗಿನ ತುರಿ ಅರ್ಧ ಕಾಯಿಯದು
- ನಿಂಬೆಹಣ್ಣು 3, ಹಸಿಮೆಣಸು 2, ಪುದೀನ ಒಂದು ಹಿಡಿ
- ಕಾಳುಮೆಣಸಿನ ಹುಡಿ ಅರ್ಧ ಚಮಚ, ಉಪ್ಪು

ಕ್ರಮ: ಕುದಿಸಿ ಪೂರ್ತಿ ಆರಿಸಿದ ಒಂದು ಲೀಟರ್ ನೀರಿಗೆ 4 ಚಮಚ ಉಪ್ಪು ಹಾಕಿ ಕರಗಿಸಿ. ಪನೀರನ್ನು ಎರಡು ಸೆಂಟಿಮೀಟರಿನ ತುಂಡುಗಳಾಗಿ ಕತ್ತರಿಸಿ ಇದರಲ್ಲಿ ಮುಳುಗಿಸಿ ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ಸುಮಾರು 70 ತುಂಡು ಆಗುತ್ತದೆ, ತಲೆಗೆ ಹೆಚ್ಚುಕಡಿಮೆ ಮೂರರಂತೆ ಬರುತ್ತದೆ. ಬಚ್ಚಂಗಾಯಿ ಮತ್ತು ಮಾವನ್ನು ಅದೇ ಗಾತ್ರಕ್ಕೆ ಹೋಳು ಮಾಡಿ. ಬಚ್ಚಂಗಾಯಿ ನೀರು ಬಿಡುತ್ತದೆ, ಹತ್ತು ನಿಮಿಷ ತೂತಿನ ಪಾತ್ರೆಯಲ್ಲಿಟ್ಟು ಸೋಸಿ. ಆ ರಸ ಬಿಸಾಡಬೇಡಿ, ನಿಂಬೆ ಹಿಂಡಿ ಆಗಲೇ ಕುಡಿಯಬಹುದು.

ಬಡಿಸುವ ಹತ್ತು ನಿಮಿಷ ಮೊದಲು ಪನೀರಿನ ನೀರು ಬಸಿದು ಹಣ್ಣು, ತೆಂಗಿನ ತುರಿ, ಸಣ್ಣಗೆ ಹೆಚ್ಚಿದ ಹಸಿಮೆಣಸು, ಪುದೀನ, ಕಾಳುಮೆಣಸು, ನಿಂಬೆರಸ ಸೇರಿಸಿ ಸೌಟಿನಿಂದ ಮೆಲ್ಲನೆ ಕೂಡಿಸಿ. ಉಪ್ಪು ನೋಡಿ ಕೊನೆಗೆ ಹಾಕಿ. ಒಗ್ಗರಣೆ ಬೇಡ. ಹಾಳೆ ಬಟ್ಟಲಿನಲ್ಲಿ ಕೊಟ್ಟರೆ ಪ್ಲಾಸ್ಟಿಕ್ ಲೋಟದ ಕಸವೂ ಉಳಿಯುವುದಿಲ್ಲ.

ಅನಾನಸು ಮತ್ತು ಹಸಿ ಪಪ್ಪಾಯಿಯನ್ನು (ಬಪ್ಪಂಗಾಯಿ) ಇದಕ್ಕೆ ಹಾಕದಿರುವುದು ಒಳ್ಳೆಯದು. ಅನಾನಸಿನಲ್ಲಿ ಬ್ರೊಮೆಲಿನ್, ಪಪ್ಪಾಯಿಯ ಹಾಲಿನಲ್ಲಿ ಪಪೇನ್ ಎಂಬ ಕಿಣ್ವಗಳಿವೆ. ಅವು ಹಾಲಿನ ಪ್ರೋಟೀನನ್ನು ಒಡೆಯುವುದರಿಂದ ಪನೀರ್ ಮೆತ್ತಗಾಗಿ ಕಹಿ ಬರುತ್ತದೆ. ಅನಾನಸು ಬೇಕೇ ಬೇಕೆಂದರೆ ಬೇರೆ ಬಟ್ಟಲಿನಲ್ಲಿಡಿ.

2. ಬಾಳೆಹಣ್ಣಿನ ರಸಾಯನ

ಹಾಲಿನ ಪದಾರ್ಥ ಸೇರದವರಿಗೆ ಇದು ಸರಿ.

ಬೇಕಾಗುವ ಸಾಮಾನು:
- ಚೆನ್ನಾಗಿ ಹಣ್ಣಾದ ಕದಳಿ ಬಾಳೆಹಣ್ಣು 30
- ತೆಂಗಿನಕಾಯಿ 3
- ಬೆಲ್ಲ 400 ಗ್ರಾಂ
- ಏಲಕ್ಕಿ 8, ಎಳ್ಳು 2 ಚಮಚ, ಚಿಟಿಕೆ ಉಪ್ಪು

ಕ್ರಮ: ಬೆಲ್ಲವನ್ನು ಕುದಿಸಿ ಆರಿಸಿದ ಸ್ವಲ್ಪ ನೀರಿನಲ್ಲಿ ಕರಗಿಸಿ ಸೋಸಿ. ಕಲ್ಲು, ಕಡ್ಡಿ ಇರುತ್ತದೆ. ಕಾಯಿ ತುರಿದು ಸ್ವಲ್ಪವೇ ನೀರು ಹಾಕಿ ರುಬ್ಬಿ, ಹಿಂಡಿ ದಪ್ಪ ಹಾಲು ತೆಗೆಯಿರಿ. ಎಳ್ಳನ್ನು ಹಿಂದಿನ ದಿನವೇ ಮನೆಯಲ್ಲಿ ಹುರಿದಿಟ್ಟುಕೊಳ್ಳಿ. ಬಾಳೆಹಣ್ಣನ್ನು ತೆಳ್ಳಗೆ ಬಿಲ್ಲೆ ಮಾಡಿ ಬೆಲ್ಲದ ನೀರಿಗೆ ಹಾಕಿ. ಕಾಯಿಹಾಲು, ಏಲಕ್ಕಿ ಹುಡಿ, ಎಳ್ಳು ಬಡಿಸುವ ಹೊತ್ತಿಗೆ ಸೇರಿಸಿ. ಮಾವಿನ ಕಾಲದಲ್ಲಿ ಬಾಳೆಯ ಬದಲು ಮಾವು, ಸಿಕ್ಕಿದರೆ ಇಬ್ಬುಡ್ಲು ಹಣ್ಣು. ಮೂರಕ್ಕೂ ಕ್ರಮ ಒಂದೇ.

ಸಕ್ಕರೆ ಕಾಯಿಲೆಯ ಸದಸ್ಯರು ನಮ್ಮಲ್ಲಿ ಅನೇಕರಿದ್ದಾರೆ. ರಸಾಯನ ಅವರಿಗೆ ಹಿತವಲ್ಲ. ಕೋಸಂಬರಿಯನ್ನು ಮಾವು ಹಾಕದೆ ಒಂದು ಪಾತ್ರೆ ಬೇರೆ ಮಾಡಿ, ಚೀಟಿ ಅಂಟಿಸಿಡಿ. ಕೇಳಿ ತೆಗೆದುಕೊಳ್ಳಲು ಸಂಕೋಚಪಡುವವರಿಗೆ ಅದರಿಂದ ಅನುಕೂಲ.

ಶುಚಿತ್ವ: ಇದರಲ್ಲಿ ರಿಯಾಯಿತಿ ಇಲ್ಲ

2022ರ ಮೇ ತಿಂಗಳಲ್ಲಿ ನಮ್ಮದೇ ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮ ತಿಂದ ಅನೇಕರು ಅಸ್ವಸ್ಥರಾಗಿ, ವಿದ್ಯಾರ್ಥಿನಿಯೊಬ್ಬಳು ತೀರಿಕೊಂಡದ್ದು ಎಲ್ಲರಿಗೂ ನೆನಪಿರಬಹುದು. ಶಿಗೆಲ್ಲ ಬ್ಯಾಕ್ಟೀರಿಯ ಕಾರಣವೆಂದು ಆರೋಗ್ಯ ಇಲಾಖೆ ತಿಳಿಸಿತ್ತು. ಇದು ಕೊಳಕು ನೀರು ಮತ್ತು ಸರಿಯಾಗಿ ತೊಳೆಯದ ಕೈಗಳಿಂದ ಹರಡುವಂಥದು. ನಮ್ಮ ತಿಂಡಿಯಲ್ಲಿ ಮಾಂಸ ಇಲ್ಲವೆಂದು ನಿಶ್ಚಿಂತೆಯಿಂದ ಇರುವಂತಿಲ್ಲ. ಬೇಯಿಸಿದ ಅಡುಗೆಯಲ್ಲಿ ಬೆಂಕಿ ಮಾಡುವ ಕೆಲಸವನ್ನು ಇಲ್ಲಿ ನಮ್ಮ ಕೈ, ಕತ್ತಿ, ನೀರಿನ ಶುಚಿತ್ವವೇ ಮಾಡಬೇಕು.

- ಹಣ್ಣನ್ನು ಕತ್ತರಿಸುವ ಮೊದಲು ಸಿಪ್ಪೆಯನ್ನು ಉಜ್ಜಿ ತೊಳೆಯಿರಿ. ಸಿಪ್ಪೆಯ ಮೇಲಿನ ಕೊಳೆ ಕತ್ತಿಯ ಮೂಲಕ ಒಳಗೆ ಹೋಗುತ್ತದೆ.
- ಬೇಸಗೆಯಲ್ಲಿ ಬಾವಿ ತಳ ಹಿಡಿದಾಗ ಕಾಮಾಲೆಯ ಭಯವೂ ಇದೆ. ಕುದಿಸಿ ಆರಿಸಿದ ನೀರನ್ನೇ ಬಳಸಿ.
- ಅಂಗಡಿಯ ಐಸನ್ನು ತಿಂಡಿಗೆ ಹಾಕಬೇಡಿ. ಪಾತ್ರೆಯ ಹೊರಗೆ ಇಡಲು ಮಾತ್ರ ಅದು ಸಾಕು.
- ಹೊಟ್ಟೆ ಕೆಟ್ಟವರು, ಕೈಯಲ್ಲಿ ಗಾಯವಾದವರು ಆ ದಿನ ಅಡುಗೆ ಕೆಲಸಕ್ಕೆ ಬರುವುದು ಬೇಡ. ಕುರ್ಚಿ ಹಾಕುವ ಕೆಲಸವೂ ಇರುತ್ತದೆ.
- ಪನೀರ್, ಕಾಯಿಹಾಲು, ಕತ್ತರಿಸಿದ ಹಣ್ಣು ಫ್ರಿಜ್‌ನಿಂದ ಹೊರಗೆ ಬಂದ ಮೇಲೆ ನಮ್ಮ ಸೆಕೆಯಲ್ಲಿ ಒಂದು ಗಂಟೆಗಿಂತ ಹೆಚ್ಚು ಇಡಬಾರದು. ಉಳಿದದ್ದನ್ನು ಮನೆಗೆ ಕಟ್ಟಿಕೊಡುವುದೂ ಬೇಡ.

ನಾಲ್ಕು ಗಂಟೆಯ ಸಭೆಗೆ ಸಮಯಪಟ್ಟಿ

ಹಿಂದಿನ ದಿನ: ಹಣ್ಣು ತರುವುದು, ನೀರು ಕುದಿಸುವುದು, ಎಳ್ಳು ಹುರಿಯುವುದು.
ಮಧ್ಯಾಹ್ನ 2.00: ಸಭಾಭವನದ ಹತ್ತಿರದ ಸದಸ್ಯರ ಮನೆಯಲ್ಲಿ ಕಾಯಿಹಾಲು ತೆಗೆದು ಫ್ರಿಜ್‌ನಲ್ಲಿಡುವುದು. ಕರೆಂಟು ಯಾವಾಗ ಹೋಗುತ್ತದೆಂದು ಹೇಳಲಾಗದು, ಮಿಕ್ಸಿಯ ಕೆಲಸ ಮೊದಲು ಮುಗಿಯಲಿ.
2.45: ಪನೀರ್ ಉಪ್ಪುನೀರಿಗೆ.
3.00: ಹಣ್ಣು ಹೆಚ್ಚಿ ಮುಚ್ಚಿ ಫ್ರಿಜ್‌ನಲ್ಲಿಡುವುದು.
3.40: ಐಸ್ ಇಟ್ಟ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಸಭಾಭವನಕ್ಕೆ.
3.50: ಎಲ್ಲ ಕೂಡಿಸುವುದು.
4.00: ಬಡಿಸುವುದು.

ಕೊನೆಯ ಸಾಲನ್ನು ದಯವಿಟ್ಟು ಗಮನಿಸಿ. ಧನ್ಯವಾದ ಸಮರ್ಪಣೆಯ ಬಳಿಕ ಲಘು ಉಪಾಹಾರ ಎಂಬುದು ನಮ್ಮ ವಾಡಿಕೆ. ಮುಖ್ಯ ಅತಿಥಿಗಳು ತಡವಾಗಿ ಬಂದು, ಭಾಷಣ ಉದ್ದವಾದರೆ ಅದು ಆರು ಗಂಟೆಯ ಮಾತು. ಗೋಳಿಬಜೆಯಾದರೆ ತಣ್ಣಗಾಗಬಹುದು, ಅಷ್ಟೆ. ಕಾಯಿಹಾಲು, ಪನೀರ್ ಹಾಗಲ್ಲ. ಆದುದರಿಂದ ಈ ತಿಂಡಿಯನ್ನು ಪ್ರಾರ್ಥನೆಗೂ ಮೊದಲೇ, ಬಂದವರಿಗೆ ಬಂದ ಹಾಗೆ ಕೊಡುವ ಕ್ರಮ ಒಳ್ಳೆಯದು. ಬಿಸಿಲಲ್ಲಿ ಬಸ್ಸಿಳಿದು ಬಂದವರಿಗೆ ತಂಪೂ ಆಗುತ್ತದೆ, ಸಮಯಕ್ಕೆ ಸರಿಯಾಗಿ ಬರುವವರಿಗೆ ಒಂದು ಮರ್ಯಾದೆಯೂ ಆಗುತ್ತದೆ.

ನಿಮ್ಮ ಮನೆಗಳಲ್ಲಿ ರೂಢಿಯಲ್ಲಿರುವ ಇತರ ಹಸಿ ತಿಂಡಿಗಳನ್ನು, ಸಾಮಾನಿನ ಪ್ರಮಾಣ ಮತ್ತು ನಿಮ್ಮೂರಿನಲ್ಲಿ ಕರೆಯುವ ಹೆಸರಿನ ಸಹಿತ ಬರೆದು ಕಳುಹಿಸಿದರೆ ಮುಂದಿನ ಸಂಚಿಕೆಯಲ್ಲಿ ಸೇರಿಸಲಾಗುವುದು.

ಕಾರ್ಯದರ್ಶಿ