ಬಾಗಿಲು ತಟ್ಟಿದ ವೈದ್ಯೆಯರು



ಪ್ರತಿ ವರ್ಷ ಫೆಬ್ರವರಿ 11ರಂದು ಲೂರ್ದು ಮಾತೆಯ ಹಬ್ಬವನ್ನು ಆಚರಿಸುತ್ತೇವೆ. ಗವಿಯ ಮುಂದೆ ಮೇಣದಬತ್ತಿ ಹಚ್ಚುತ್ತೇವೆ, ಜಪಸರ ಹೇಳುತ್ತಾ ಮೆರವಣಿಗೆಯಲ್ಲಿ ನಡೆಯುತ್ತೇವೆ. 1993ರಿಂದ ಈ ದಿನವನ್ನು ವಿಶ್ವ ರೋಗಿಗಳ ದಿನವೆಂದೂ ಆಚರಿಸುತ್ತಿರುವುದರಿಂದ ಅಂದಿನ ಬಲಿಪೂಜೆಯಲ್ಲಿ ಕಾಯಿಲೆಯವರಿಗಾಗಿ ವಿಶೇಷವಾಗಿ ಪ್ರಾರ್ಥಿಸುತ್ತೇವೆ. ಆದರೆ ಇದೇ ದಿನಾಂಕಕ್ಕೆ ಸೇರಿದ ಮತ್ತೊಂದು ಘಟನೆಯನ್ನು ನಾವು ನೆನೆಯುವುದು ಕಡಿಮೆ. 1936ರ ಫೆಬ್ರವರಿ 11ರಂದು ರೋಮಿನಿಂದ ಒಂದು ಆದೇಶ ಹೊರಬಿತ್ತು. ಮಿಷನ್ ನಾಡುಗಳಲ್ಲಿ ಧರ್ಮಭಗಿನಿಯರು ವೈದ್ಯವೃತ್ತಿಯನ್ನು ಕೈಗೊಳ್ಳಬಹುದು, ಹೆರಿಗೆಯನ್ನೂ ಮಾಡಿಸಬಹುದು ಎಂದು ಅದು ಹೇಳಿತು.

"ಇದರಲ್ಲೇನು ವಿಶೇಷ ಫಾದರ್, ಡಾಕ್ಟರ್ ಸಿಸ್ಟರುಗಳು ಎಲ್ಲ ಕಡೆ ಇದ್ದಾರಲ್ಲ?" ಎಂದು ನೀವು ಕೇಳಬಹುದು. ಇಂದು ಇದ್ದಾರೆ ನಿಜ. ಆದರೆ ಅಂದು ನಿಯಮ ಬಿಡುತ್ತಿರಲಿಲ್ಲ. ಆ ನಿಯಮ ಸಡಿಲವಾಗಲು ಮೂವರು ವೈದ್ಯೆಯರ ದುಡಿಮೆ ಬೇಕಾಯಿತು. ಒಬ್ಬರು ಸ್ಕಾಟ್ಲೆಂಡಿನವರು, ಒಬ್ಬರು ಆಸ್ಟ್ರೇಲಿಯಾದವರು, ಮತ್ತೊಬ್ಬರು ಆಸ್ಟ್ರಿಯಾದವರು. ಮೊದಲನೆಯವರನ್ನು ಉಳಿದಿಬ್ಬರು ಕಣ್ಣಾರೆ ನೋಡಲೇ ಇಲ್ಲ. ಆದರೂ ಅವರು ಬಿಟ್ಟ ಕೆಲಸವನ್ನು ಕೈಗೆತ್ತಿಕೊಂಡರು. ನಾವು ಗುರುವಿದ್ಯಾಮಂದಿರದಲ್ಲಿ ಧರ್ಮಸಭೆಯ ಚರಿತ್ರೆಯನ್ನು ಓದಿದಾಗ ಮಹಾಸಭೆಗಳ ಇಸವಿಗಳನ್ನು ಬಾಯಿಪಾಠ ಮಾಡಿದೆವು. ಈ ಮೂವರ ಹೆಸರು ಮಾತ್ರ ನಮ್ಮ ಕಿವಿಗೆ ಬೀಳಲಿಲ್ಲ. ಆ ಸಾಲವನ್ನು ಈ ಹಬ್ಬದ ನೆಪದಲ್ಲಿ ತೀರಿಸೋಣ.

ಪರದೆಯ ಹಿಂದಿನ ಸಾವು

ನೂರು ವರ್ಷಗಳ ಹಿಂದೆ ಇಂದಿನ ಪಾಕಿಸ್ತಾನದ ರಾವಲ್ಪಿಂಡಿಯಂಥ ಉತ್ತರದ ಊರುಗಳಲ್ಲಿ ಹೆಂಗಸರು ಪರದೆಯ ಹಿಂದೆ ಬಾಳುತ್ತಿದ್ದರು. ಪರಗಂಡಸು ಅವರ ಮುಖ ನೋಡುವಂತಿರಲಿಲ್ಲ, ವೈದ್ಯನಾದರೂ ಅಷ್ಟೆ. ಜ್ವರ ಬಂದರೂ, ಹೆರಿಗೆ ಕಷ್ಟವಾದರೂ ಮನೆಯ ಹಿರಿಯರು ಗಂಡು ಡಾಕ್ಟರನ್ನು ಒಳಗೆ ಕರೆಯುತ್ತಿರಲಿಲ್ಲ. ಊರಿನ ಸೂಲಗಿತ್ತಿಯ ಕೈಯಲ್ಲಿ ಆಗದಿದ್ದರೆ ತಾಯಿ ಮಗು ಇಬ್ಬರೂ ಹೋದಂತೆಯೇ. ಆಸ್ಪತ್ರೆ ಇದ್ದ ಊರಿನಲ್ಲೂ ಹೆಣ್ಣು ಹೀಗೆ ಸಾಯುತ್ತಿದ್ದಳು.

ಆ ಮನೆಗಳ ಒಳಗೆ ಕಾಲಿಡಬಲ್ಲವರೆಂದರೆ ಹೆಂಗಸರು ಮಾತ್ರ. ಧರ್ಮಭಗಿನಿಯರು ಆಗಲೇ ಈ ದೇಶದಲ್ಲಿದ್ದರು. ಗಾಯ ತೊಳೆಯುತ್ತಿದ್ದರು, ಔಷಧಿ ಕೊಡುತ್ತಿದ್ದರು. ಆದರೆ ಪೂರ್ಣ ವೈದ್ಯರಾಗುವುದಕ್ಕೆ ಧರ್ಮಸಭೆಯ ಕಾನೂನು ಅಡ್ಡಿಯಾಗಿತ್ತು. ವ್ರತ ತೊಟ್ಟವರು ರೋಮಿನ ವಿಶೇಷ ಅನುಮತಿ ಇಲ್ಲದೆ ವೈದ್ಯವೃತ್ತಿ ನಡೆಸಬಾರದೆಂಬ ಹಳೆಯ ನಿಯಮವನ್ನು 1917ರ ಕಾನೂನು ಸಂಹಿತೆಯೂ ಉಳಿಸಿಕೊಂಡಿತು. ಹೆರಿಗೆ ಮಾಡಿಸುವುದಂತೂ ಕನ್ಯಾವ್ರತಕ್ಕೆ ಒಪ್ಪುವ ಕೆಲಸವಲ್ಲ ಎಂಬ ಭಾವನೆ ಬಲವಾಗಿತ್ತು. ನಿಯಮದ ಉದ್ದೇಶ ಕೆಟ್ಟದ್ದಲ್ಲ. ವ್ರತಸ್ಥರು ಲೋಕದ ವ್ಯವಹಾರದಲ್ಲಿ ಮುಳುಗಬಾರದೆಂಬುದು ಅದರ ಕಾಳಜಿ. ಆದರೆ ಆ ನಿಯಮ ಬರೆದವರ ಕಣ್ಣ ಮುಂದೆ ರಾವಲ್ಪಿಂಡಿಯ ಬಾಣಂತಿ ಇರಲಿಲ್ಲ.

ಅರವತ್ತರ ನಂತರ ಆರಂಭವಾದ ಕೆಲಸ

ಆಗ್ನೆಸ್ ಮೆಕ್‌ಲಾರೆನ್ 1837ರಲ್ಲಿ ಎಡಿನ್‌ಬರೋದಲ್ಲಿ ಹುಟ್ಟಿದರು. ತಂದೆ ಪಾರ್ಲಿಮೆಂಟಿನ ಸದಸ್ಯರು; ಮನೆತನ ಪ್ರೊಟೆಸ್ಟೆಂಟ್. ಡಾಕ್ಟರಾಗಬೇಕೆಂಬುದು ಆಕೆಯ ಹಂಬಲ. ಆದರೆ ತಮ್ಮ ನಾಡಿನ ವಿಶ್ವವಿದ್ಯಾಲಯಗಳು ಆಗ ಹೆಣ್ಣುಮಕ್ಕಳಿಗೆ ವೈದ್ಯ ಪದವಿ ಕೊಡುತ್ತಿರಲಿಲ್ಲ. ಹೀಗಾಗಿ ಫ್ರಾನ್ಸಿನ ಮೊಂಪೆಲಿಯೆ ನಗರಕ್ಕೆ ಹೋಗಿ ಓದಿ, 1878ರಲ್ಲಿ ಪದವಿ ಪಡೆದರು. ಆಗ ಅವರಿಗೆ ನಲವತ್ತು ದಾಟಿತ್ತು. ಫ್ರಾನ್ಸಿನ ದಕ್ಷಿಣದಲ್ಲಿ ವೃತ್ತಿ ನಡೆಸುತ್ತಾ, 1898ರಲ್ಲಿ ಕಥೋಲಿಕ ಧರ್ಮಸಭೆಯನ್ನು ಸೇರಿದರು.

ಅರವತ್ತು ದಾಟಿದವರು ವಿಶ್ರಾಂತಿ ಬಯಸುವುದು ಸಹಜ. ಆಗ್ನೆಸರಿಗಾದರೋ ನಿಜವಾದ ಕೆಲಸ ಆಗ ಆರಂಭವಾಯಿತು. ರಾವಲ್ಪಿಂಡಿಯ ಹೆಂಗಸರ ಪಾಡನ್ನು ಮಿಷನರಿ ಗುರುವೊಬ್ಬರಿಂದ ಕೇಳಿ, ಲಂಡನ್ನಿನಲ್ಲಿ ಒಂದು ಸಮಿತಿ ಕಟ್ಟಿ ಹಣ ಕೂಡಿಸಿದರು. ಹೆಂಗಸರು ಮತ್ತು ಮಕ್ಕಳಿಗಾಗಿ ಸಂತ ಕ್ಯಾಥರೀನರ ಹೆಸರಿನ ಆಸ್ಪತ್ರೆ ಅಲ್ಲಿ ತೆರೆಯಿತು. ಎಪ್ಪತ್ತು ದಾಟಿದ ಮೇಲೆ ತಾವೇ ಹಡಗು ಹತ್ತಿ ಬಂದು ಅದನ್ನು ನೋಡಿದರು. ದೂರದ ಊರಿನಲ್ಲಿ ವರ್ಷಗಟ್ಟಲೆ ನಿಲ್ಲುವ ವೈದ್ಯೆಯರು ಸಿಗುವುದು ಕಷ್ಟ, ಜೀವನವನ್ನೇ ಮುಡಿಪಿಟ್ಟ ಧರ್ಮಭಗಿನಿಯರೇ ವೈದ್ಯರಾದರೆ ಮಾತ್ರ ಈ ಕೆಲಸ ಉಳಿಯುತ್ತದೆ ಎಂಬುದು ಅವರಿಗೆ ಮನದಟ್ಟಾಯಿತು. ಅನುಮತಿ ಕೋರಿ ಮತ್ತೆ ಮತ್ತೆ ರೋಮಿಗೆ ಹೋದರು. ಅನುಮತಿ ಸಿಗಲಿಲ್ಲ. ಸಿಗದೆಯೇ 1913ರಲ್ಲಿ ಕಣ್ಣುಮುಚ್ಚಿದರು.

ಇಲ್ಲಿಗೆ ಕಥೆ ಮುಗಿಯಿತು ಎಂದು ಯಾರಾದರೂ ಭಾವಿಸಬಹುದಿತ್ತು. ಆದರೆ ಅವರು ಬರೆದ ಒಂದು ಪತ್ರ, ಅವರ ಬಗ್ಗೆ ಅಚ್ಚಾದ ಒಂದು ಕಿರುಹೊತ್ತಿಗೆ ಎರಡು ದಿಕ್ಕುಗಳಲ್ಲಿ ಕೆಲಸ ಮಾಡುತ್ತಿದ್ದವು.

ಗುಂಟೂರಿಗೆ ಬಂದ ವೈದ್ಯೆ

ಕಿರುಹೊತ್ತಿಗೆ ತಲುಪಿದ್ದು ಆಸ್ಟ್ರೇಲಿಯಾದ ಮೆಲ್ಬರ್ನ್ ನಗರವನ್ನು. ಮೇರಿ ಗ್ಲೌರಿ 1887ರಲ್ಲಿ ವಿಕ್ಟೋರಿಯಾ ಪ್ರಾಂತ್ಯದ ಬಿರೆಗರಾ ಎಂಬ ಊರಿನಲ್ಲಿ ಹುಟ್ಟಿದವರು. ವಿದ್ಯಾರ್ಥಿವೇತನ ಗೆದ್ದು ಪಟ್ಟಣಕ್ಕೆ ಓದಲು ಬಂದ ಹಳ್ಳಿಯ ಹುಡುಗಿ. ಮೊದಲು ಕಲಾ ವಿಭಾಗಕ್ಕೆ ಸೇರಿದ್ದ ಅವರನ್ನು ವೈದ್ಯ ಓದುವಂತೆ ಹುರಿದುಂಬಿಸಿದವರು ಅವರ ತಂದೆ. ತಂದೆಯಂದಿರೇ, ಈ ಮಾತನ್ನು ನೆನಪಿಟ್ಟುಕೊಳ್ಳಿ. 1910ರಲ್ಲಿ ಮೆಲ್ಬರ್ನ್ ವಿಶ್ವವಿದ್ಯಾಲಯದ ವೈದ್ಯ ಪದವಿ ಅವರ ಕೈಸೇರಿತು. ಕಣ್ಣಿನ ಆಸ್ಪತ್ರೆಯಲ್ಲಿ ದುಡಿದರು, ನಗರದ ಪ್ರತಿಷ್ಠಿತ ಬೀದಿಯಲ್ಲಿ ಸ್ವಂತ ಚಿಕಿತ್ಸಾಲಯ ನಡೆಸಿದರು. ಹೆಸರಿತ್ತು, ಸಂಪಾದನೆಯಿತ್ತು.

1915ರಲ್ಲಿ ಆಗ್ನೆಸರ ಕುರಿತ ಆ ಕಿರುಹೊತ್ತಿಗೆಯನ್ನು ಓದಿದಾಗ ತಮ್ಮ ದೈವಕರೆ ಯಾವುದೆಂದು ಅವರಿಗೆ ತಿಳಿಯಿತು. ಆದರೆ ಮರುದಿನವೇ ಗಂಟು ಕಟ್ಟಲಿಲ್ಲ. 1916ರಲ್ಲಿ ಕಥೋಲಿಕ ಮಹಿಳೆಯರ ಸಂಘಟನೆಯೊಂದರ ಮೊದಲ ಅಧ್ಯಕ್ಷೆಯಾಗಿ ಅದನ್ನು ಬೆಳೆಸಿದರು. ಭಾರತದ ತಾಯಂದಿರಿಗೆ ಏನು ಬೇಕೋ ಅದನ್ನೇ ಓದಿ, ಹೆರಿಗೆ, ಸ್ತ್ರೀರೋಗ ಮತ್ತು ಕಣ್ಣಿನ ಚಿಕಿತ್ಸೆಯಲ್ಲಿ 1919ರಲ್ಲಿ ಎಂ.ಡಿ. ಪದವಿ ಗಳಿಸಿದರು. 1920ರ ಫೆಬ್ರವರಿಯಲ್ಲಿ ಆಂಧ್ರದ ಗುಂಟೂರಿಗೆ ಬಂದಿಳಿದರು. ಅಲ್ಲಿ ಹಾಲೆಂಡಿನಿಂದ ಬಂದಿದ್ದ ಯೇಸು, ಮರಿಯ, ಜೋಸೆಫ್ ಸಭೆಯ ಧರ್ಮಭಗಿನಿಯರನ್ನು ಸೇರಿ, ಪವಿತ್ರ ಹೃದಯದ ಸಿಸ್ಟರ್ ಮೇರಿ ಎನಿಸಿಕೊಂಡರು. ಪೋಪ್ 15ನೇ ಬೆನೆಡಿಕ್ಟರು ವಿಶೇಷ ಅನುಮತಿ ನೀಡಿದ್ದರಿಂದ, ವ್ರತ ತೊಟ್ಟೂ ವೈದ್ಯರಾಗಿ ದುಡಿಯುವ ಅವಕಾಶ ಅವರಿಗೆ ದೊರೆಯಿತು.

ಚಿಕ್ಕ ಔಷಧಾಲಯವೊಂದು ಅವರ ಕಾಲದಲ್ಲಿ ಸಂತ ಜೋಸೆಫರ ಆಸ್ಪತ್ರೆಯಾಗಿ ಬೆಳೆಯಿತು. ಒಬ್ಬ ವೈದ್ಯೆ ಎಷ್ಟು ಜನರನ್ನು ನೋಡಿಯಾರು? ಅದನ್ನರಿತ ಸಿಸ್ಟರ್ ಮೇರಿ ಸ್ಥಳೀಯ ಹೆಣ್ಣುಮಕ್ಕಳಿಗೆ ಶುಶ್ರೂಷೆ, ಔಷಧಿ ತಯಾರಿಕೆ, ಹೆರಿಗೆ ಮಾಡಿಸುವ ವಿದ್ಯೆಗಳನ್ನು ಕಲಿಸಿದರು. ತಾವೊಬ್ಬರೇ ಬೆಳಗಿದರೆ ಸಾಲದು, ಪಕ್ಕದ ದೀಪವನ್ನೂ ಹಚ್ಚಬೇಕು ಎಂಬುದನ್ನು ನಡೆದು ತೋರಿಸಿದರು.

ಕಾಯುತ್ತಲೇ ದುಡಿದವರು

ಆಗ್ನೆಸರ ಪತ್ರ ತಲುಪಿದ್ದು ಅನ್ನಾ ಡೆಂಗೆಲ್ ಎಂಬ ಯುವತಿಯನ್ನು. 1892ರಲ್ಲಿ ಆಸ್ಟ್ರಿಯಾದ ಟಿರೋಲ್ ಬೆಟ್ಟಸೀಮೆಯಲ್ಲಿ ಹುಟ್ಟಿದ ಆಕೆ ಆಗ್ನೆಸರಿಗೆ ಪತ್ರ ಬರೆದರು. ಬ್ರಿಟಿಷರ ಆಳ್ವಿಕೆಯ ಭಾರತದಲ್ಲಿ ದುಡಿಯಲು ಬ್ರಿಟಿಷ್ ಮಾನ್ಯತೆಯ ಪದವಿ ಬೇಕು ಎಂಬ ಸಲಹೆಯಂತೆ ಐರ್ಲೆಂಡಿನ ಕಾರ್ಕ್‌ನಲ್ಲಿ ಓದಿ, 1919ರಲ್ಲಿ ಪದವೀಧರೆಯಾದರು. 1920ರಲ್ಲಿ ರಾವಲ್ಪಿಂಡಿಯ ಅದೇ ಸಂತ ಕ್ಯಾಥರೀನರ ಆಸ್ಪತ್ರೆಗೆ ಬಂದರು. ಕೆಲವು ವರ್ಷಗಳ ದುಡಿಮೆಯಲ್ಲಿ ಒಂಟಿ ಕೈಯ ಮಿತಿ ಅವರಿಗೆ ಅರಿವಾಯಿತು.

1925ರಲ್ಲಿ ಅಮೆರಿಕದ ವಾಷಿಂಗ್ಟನ್‌ನಲ್ಲಿ ನಾಲ್ವರು ಒಂದು ಮನೆಯಲ್ಲಿ ಒಟ್ಟುಗೂಡಿದರು. ಇಬ್ಬರು ವೈದ್ಯೆಯರು, ಇಬ್ಬರು ದಾದಿಯರು. ಇಂದು ಮೆಡಿಕಲ್ ಮಿಷನ್ ಸಿಸ್ಟರ್ಸ್ ಎಂದು ಕರೆಯಲಾಗುವ ಸಭೆಯ ಆರಂಭ ಅದು. ಆದರೆ ಕಾನೂನಿನ ದೃಷ್ಟಿಯಲ್ಲಿ ಅವರು ಧರ್ಮಭಗಿನಿಯರಲ್ಲ. ಬಹಿರಂಗ ವ್ರತ ತೊಟ್ಟರೆ ವೈದ್ಯವೃತ್ತಿ ಬಿಡಬೇಕಿತ್ತು. ಆದ್ದರಿಂದ ಬಹಿರಂಗ ವ್ರತವಿಲ್ಲದೆಯೇ ವ್ರತಸ್ಥರಂತೆ ಬಾಳಿದರು. ಹೀಗೆ ಕಳೆದದ್ದು ಹತ್ತು ವರ್ಷಕ್ಕೂ ಹೆಚ್ಚು. ಕೊನೆಗೆ 1936ರ ಲೂರ್ದು ಮಾತೆಯ ಹಬ್ಬದಂದು ಆ ಆದೇಶ ಬಂದಿತು. ಮೊದಲು ಬಾಗಿಲು ತಟ್ಟಿದ ಆಗ್ನೆಸರು ತೀರಿಕೊಂಡು ಆಗಲೇ 23 ವರ್ಷಗಳಾಗಿದ್ದವು.

ಬೆಂಗಳೂರಿನವರೆಗೆ

ಇತ್ತ ಗುಂಟೂರಿನಲ್ಲಿ 1943ರಲ್ಲಿ ಸಿಸ್ಟರ್ ಮೇರಿಯವರ ಮುಂದಾಳತ್ವದಲ್ಲಿ 16 ಮಂದಿ ಧರ್ಮಭಗಿನಿಯರು ಸೇರಿ ಕಥೋಲಿಕ ಆಸ್ಪತ್ರೆಗಳ ಒಕ್ಕೂಟವನ್ನು ಕಟ್ಟಿದರು. ಇಂದು ಮೂರು ಸಾವಿರಕ್ಕೂ ಹೆಚ್ಚು ಸಂಸ್ಥೆಗಳು ಅದರಲ್ಲಿವೆ. ಹಳ್ಳಿಯ ಒಂದು ಕೋಣೆಯ ಔಷಧಾಲಯದಿಂದ ನಗರದ ದೊಡ್ಡ ಆಸ್ಪತ್ರೆಯವರೆಗೆ ಎಲ್ಲವೂ ಅಲ್ಲಿ ಸದಸ್ಯರೇ. ಭಾರತದಲ್ಲಿ ಕಥೋಲಿಕ ವೈದ್ಯಕೀಯ ಕಾಲೇಜೊಂದು ಬೇಕೆಂಬ ಕನಸನ್ನೂ ಅವರು ಕಂಡಿದ್ದರು. ಕ್ಯಾನ್ಸರಿನಿಂದ ನರಳಿ, 1957ರ ಮೇ 5ರಂದು ನಮ್ಮ ಬೆಂಗಳೂರಿನಲ್ಲಿಯೇ ಅವರು ಕೊನೆಯುಸಿರೆಳೆದರು. ಆರು ವರ್ಷಗಳ ನಂತರ, 1963ರಲ್ಲಿ, ಅದೇ ಬೆಂಗಳೂರಿನಲ್ಲಿ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ಆರಂಭವಾಯಿತು. ನಮ್ಮಲ್ಲಿ ಎಷ್ಟೋ ಕುಟುಂಬಗಳು ಕಷ್ಟಕಾಲದಲ್ಲಿ ಆ ಆಸ್ಪತ್ರೆಯ ಬಾಗಿಲಿಗೆ ಹೋದದ್ದುಂಟು. 2013ರಲ್ಲಿ ಧರ್ಮಸಭೆ ಸಿಸ್ಟರ್ ಮೇರಿಯವರನ್ನು ದೇವರ ಸೇವಕಿ ಎಂದು ಘೋಷಿಸಿತು.

ಚಿಲಕ ಯಾರ ಕೈಯಲ್ಲಿ?

ಪ್ರಿಯರೇ, ಈ ಮೂವರನ್ನು ಹೊಗಳಿ ಮನೆಗೆ ಹೋಗುವುದು ಸುಲಭ. ಆದರೆ ಅವರ ಬದುಕು ನಮ್ಮನ್ನು ಒಂದು ಪ್ರಶ್ನೆ ಕೇಳುತ್ತದೆ. ಮಾತೆ ಮರಿಯಮ್ಮನವರು ಗರ್ಭಿಣಿ ಎಲಿಸಬೇತಮ್ಮನವರ ನೆರವಿಗೆ ಬೆಟ್ಟದ ಸೀಮೆಗೆ ತ್ವರೆಯಾಗಿ ಹೋದರೆಂದು ಸಂತ ಲೂಕರು ಹೇಳುತ್ತಾರೆ. ಹೆಣ್ಣಿನ ಕಷ್ಟಕ್ಕೆ ಹೆಣ್ಣು ಓಡಿಹೋದ ಆ ದಾರಿಯಲ್ಲೇ ಈ ವೈದ್ಯೆಯರೂ ನಡೆದರು. ದಾರಿಗೆ ಅಡ್ಡವಾಗಿ ನಿಂತವರು ದುಷ್ಟರೇನಲ್ಲ. ಹಿಂದಿನಿಂದ ಬಂದದ್ದನ್ನು ಕಾಪಾಡುತ್ತಿದ್ದ ಒಳ್ಳೆಯವರೇ. ನಮ್ಮ ಎದೆಗೆ ನಾಟಬೇಕಾದ ಮಾತು ಇದೇ.

ಧರ್ಮಕೇಂದ್ರದ ಕಚೇರಿಗೆ ಮಗನ ಕಾಲೇಜು ಸೀಟಿಗಾಗಿ ಪತ್ರ ಕೇಳಲು ಬರುವ ತಂದೆಯನ್ನು "ಮಗಳು ಏನು ಓದುತ್ತಿದ್ದಾಳೆ?" ಎಂದು ಕೇಳಿದರೆ, "ಪಿಯುಸಿ ಮುಗಿಯಿತು ಫಾದರ್, ಸಾಕು, ಒಳ್ಳೆಯ ಸಂಬಂಧ ಬಂದರೆ ನೋಡೋಣ ಅಂತ" ಎಂಬ ಉತ್ತರ ಬರುತ್ತದೆ. ಆಕೆಯ ಅಂಕಗಳು ಅಣ್ಣನಿಗಿಂತ ಹೆಚ್ಚಿದ್ದರೂ ಅದೇ ಉತ್ತರ. ಎಷ್ಟೋ ಸಲ ಗುರುಗಳಾದ ನಾವೂ ತಲೆಯಾಡಿಸಿ ಸುಮ್ಮನಾಗಿದ್ದೇವೆ. ಅದು ನಮ್ಮ ತಪ್ಪು, ಒಪ್ಪಿಕೊಳ್ಳುತ್ತೇವೆ. ರೋಗಿಗಳಿಗೆ ಪರಮಪ್ರಸಾದ ಕೊಂಡೊಯ್ಯುವಾಗ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮುಗಿಸಿ ನಿದ್ದೆಗಣ್ಣಿನಲ್ಲಿ ನಿಂತಿರುವ ನರ್ಸ್ ನಮ್ಮದೇ ಧರ್ಮಕೇಂದ್ರದ ಹುಡುಗಿಯಾಗಿರುತ್ತಾಳೆ. ಆಕೆಯ ಸಂಬಳದಿಂದ ಮನೆಗೆ ತಾರಸಿ ಬರುತ್ತದೆ, ತಮ್ಮನ ಫೀಸು ಕಟ್ಟಲಾಗುತ್ತದೆ, ಹಬ್ಬದ ವಂತಿಗೆಯೂ ಬರುತ್ತದೆ. ಆದರೆ ಮನೆಯ ತೀರ್ಮಾನದಲ್ಲಿ, ಪಾಲನಾ ಸಮಿತಿಯ ಸಭೆಯಲ್ಲಿ ಆಕೆಯ ಮಾತು ಕೇಳುವವರು ಎಷ್ಟು ಮಂದಿ?

ಆಗ್ನೆಸರು ತಟ್ಟಿದ ಬಾಗಿಲು ಅವರ ಕಾಲದಲ್ಲಿ ತೆರೆಯಲಿಲ್ಲ. ತೆರೆಯುವಷ್ಟರಲ್ಲಿ ಪರದೆಯ ಹಿಂದೆ ಎಷ್ಟು ತಾಯಂದಿರು ಹೋದರೋ ದೇವರೇ ಬಲ್ಲರು. ಇಂದು ನಮ್ಮ ಮನೆಯ ಹೆಣ್ಣುಮಗಳು ಬಾಗಿಲು ತಟ್ಟುತ್ತಿದ್ದರೆ ಚಿಲಕ ನಮ್ಮ ಕೈಯಲ್ಲಿದೆ. ಅದಕ್ಕೆ ರೋಮಿನ ಆದೇಶ ಬೇಕಿಲ್ಲ.

ಈ ಸಲ ಗವಿಯ ಮುಂದೆ ಮೇಣದಬತ್ತಿ ಹಚ್ಚುವಾಗ ಆ ಮೂವರಿಗಾಗಿ ದೇವರಿಗೆ ವಂದನೆ ಸಲ್ಲಿಸೋಣ. ನಮ್ಮ ಆಸ್ಪತ್ರೆಗಳಲ್ಲಿ, ಶಾಲೆಗಳಲ್ಲಿ, ಕಚೇರಿಗಳಲ್ಲಿ ದುಡಿಯುವ ಅಕ್ಕತಂಗಿಯರನ್ನು ಹೆಸರು ಹಿಡಿದು ನೆನೆಯೋಣ. ಮನೆಗೆ ಹೋದ ಮೇಲೆ ಮಗಳನ್ನು ಹತ್ತಿರ ಕೂರಿಸಿಕೊಂಡು, "ನಿನಗೆ ಏನಾಗಬೇಕೆಂದು ಆಸೆಯಿದೆ ಮಗಳೇ?" ಎಂದು ಕೇಳೋಣ. ಕೇಳಿ, ಆಕೆ ಹೇಳುವುದನ್ನು ಪೂರ್ತಿ ಕೇಳಿಸಿಕೊಳ್ಳೋಣ. ಲೂರ್ದು ಮಾತೆ ನಮ್ಮೆಲ್ಲರಿಗಾಗಿ ಪ್ರಾರ್ಥಿಸಲಿ.