ಫಲದಿಂದ ಕಾರಣಕ್ಕೆ: ಹವಾಗುಣದ ಗಣಿತದಲ್ಲೊಂದು ಹಿಮ್ಮುಖ ಪಯಣ

ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿಯು ಮಾಗಡಿ ಸೀಮೆಯ ತಿಪ್ಪಗೊಂಡನಹಳ್ಳಿಯಲ್ಲಿ ಕುಮುದ್ವತಿಯನ್ನು ಕೂಡಿಕೊಂಡು, ರಾಮನಗರ ಕನಕಪುರಗಳ ಮೇಲೆ ಹಾಯ್ದು, ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ತಿಪ್ಪಗೊಂಡನಹಳ್ಳಿಯಲ್ಲಿ 1933ರಲ್ಲಿ ಕಟ್ಟಿದ ಚಾಮರಾಜಸಾಗರವು ದಶಕಗಳ ಕಾಲ ಬೆಂಗಳೂರಿಗೆ ನೀರುಣಿಸಿತು. ಬರಬರುತ್ತ ಅದರ ಒಳಹರಿವು ಕುಗ್ಗಿತು. ಮಳೆ ಕಡಮೆಯಾಯಿತೆಂದರು ಕೆಲವರು. ಬಿಸಿಲು ಹೆಚ್ಚಿತೆಂದರು ಮತ್ತೆ ಕೆಲವರು. ಕೊಳವೆಬಾವಿ, ನೀಲಗಿರಿ ತೋಪು, ಹಳ್ಳಗಳಿಗೆ ಕಟ್ಟಿದ ಅಡ್ಡಗಟ್ಟೆಗಳ ಕಡೆಗೂ ಬೆರಳುಗಳು ಎದ್ದವು. ವೀಣಾ ಶ್ರೀನಿವಾಸನ್ ಮತ್ತು ಸಂಗಡಿಗರು ಈ ಕಾರಣಗಳನ್ನೆಲ್ಲ ಒರೆಗೆ ಹಚ್ಚಿ 2015ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಮಳೆಯೂ ಉಷ್ಣತೆಯೂ ಇಷ್ಟು ದೊಡ್ಡ ಇಳಿತಕ್ಕೆ ಸಾಲವು. ಅಂತರ್ಜಲವನ್ನು ಎತ್ತಿದ್ದು, ನೀಲಗಿರಿ ಬೆಳೆಸಿದ್ದು, ಅವಕ್ಕಿಂತ ಕೆಳಗೆ ಅಡ್ಡಗಟ್ಟೆಗಳು, ಇವೇ ಕಾರಣವಾಗಿರಬೇಕು ಎಂಬುದು ಅವರ ತೀರ್ಮಾನ. ಇದು ಬರಿಯ ಪಂಡಿತರ ವಾದವಲ್ಲ. ತಪ್ಪು ಮಳೆಯದಾದರೆ ನಾವು ಆಕಾಶ ನೋಡುತ್ತ ಕೂರಬಹುದು, ಕೊಳವೆಬಾವಿಯದಾದರೆ ಕೂರಲಾಗದು.

ಕಾರಣ ಇಷ್ಟು ಕದಲಿದರೆ ಫಲ ಎಷ್ಟು ಕದಲೀತು? ಇದಕ್ಕೆ ಸೂಕ್ಷ್ಮತೆಯ ವಿಶ್ಲೇಷಣೆಯೆಂದು ಹೆಸರು. ಒಂದು ಹೊಳೆಗೆ ಐದಾರು ಕಾರಣಗಳಾದರೆ, ಇಡೀ ಭೂಮಂಡಲದ ಹವಾಗುಣವನ್ನು ಗಣಕಯಂತ್ರದಲ್ಲಿ ಕಟ್ಟುವ ಮಾದರಿಗೆ ಲಕ್ಷಗಟ್ಟಲೆ. ಅಲ್ಲಿ ಈ ಪ್ರಶ್ನೆಗೆ ಉತ್ತರ ದೊರೆತ ಬಗೆ ಸ್ವಾರಸ್ಯವಾದದ್ದು.

ಪ್ರಶ್ನೆಯ ಬೀಜ ಹಳೆಯದು. 1150ರ ‘ಸಿದ್ಧಾಂತ ಶಿರೋಮಣಿ’ಯಲ್ಲಿ ಭಾಸ್ಕರಾಚಾರ್ಯರು ಗ್ರಹದ ‘ತಾತ್ಕಾಲಿಕ ಗತಿ’ಯನ್ನು, ಎಂದರೆ ಆ ಕ್ಷಣದ ವೇಗವನ್ನು, ಲೆಕ್ಕ ಹಾಕಿದ್ದರು. (ಅವರ ಊರು ನಮ್ಮ ವಿಜಯಪುರವೇ ಹೌದೆ ಎಂಬ ಜಗಳ ಬೇರೆ.) ಹವಾಗುಣದ ವಿಷಯದಲ್ಲಿ ಪ್ರಸಿದ್ಧವಾದದ್ದು 1967ರಲ್ಲಿ ಮನಾಬೆ ಮತ್ತು ವೆದರಾಲ್ಡ್ ಮಾಡಿದ ಲೆಕ್ಕ: ಗಾಳಿಯಲ್ಲಿನ ಇಂಗಾಲಾಮ್ಲವು ಇಮ್ಮಡಿಯಾದರೆ ನೆಲದ ಉಷ್ಣತೆ ಸುಮಾರು 2.3 ಡಿಗ್ರಿ ಸೆಂಟಿಗ್ರೇಡ್ ಏರುತ್ತದೆ. ಅವರದು ನೇರವಾದ ದಾರಿ. ಮೊದಲಿನ ಪ್ರಮಾಣದಲ್ಲಿ ಒಮ್ಮೆ ಲೆಕ್ಕ ನಡೆಸುವುದು, ಬದಲಿಸಿ ಇನ್ನೊಮ್ಮೆ ನಡೆಸುವುದು, ಎರಡರ ಅಂತರ ನೋಡುವುದು.

ಆದರೆ ಲಕ್ಷ ಕಾರಣಗಳಿದ್ದರೆ ಲಕ್ಷ ಸಲ ನಡೆಸಬೇಕು. ಇನ್ನೊಂದು ತೊಡಕೂ ಉಂಟು. ಬದಿ 3 ಗಜದ ಚೌಕದ ವಿಸ್ತೀರ್ಣ 9 ಚದರ ಗಜ. ಬದಿಯನ್ನು ಒಂದು ಗಜ ಹಿಗ್ಗಿಸಿದರೆ 16, ಅಂತರ 7. ನಿಜವಾಗಿ ಆ ಕ್ಷಣದಲ್ಲಿ ವಿಸ್ತೀರ್ಣ ಬೆಳೆಯುವ ದರ 6. ಹಿಗ್ಗಿಸುವುದನ್ನು ಕಿರಿದು ಮಾಡಿದಷ್ಟೂ ಉತ್ತರ 6ಕ್ಕೆ ಹತ್ತಿರ ಬರುತ್ತದೆ, ಸರಿ. ತೀರ ಕಿರಿದು ಮಾಡಿದರೆ ಯಂತ್ರವು ದಶಮಾಂಶಗಳ ಬಾಲವನ್ನು ಕತ್ತರಿಸುವುದರಲ್ಲೇ ಅಂತರ ಕರಗಿಹೋಗುತ್ತದೆ.

1964ರಲ್ಲಿ ವೆಂಗರ್ಟ್ ಎಂಬಾತ ಇದಕ್ಕೊಂದು ಉಪಾಯ ಬರೆದ. ಎಷ್ಟೇ ದೊಡ್ಡ ಲೆಕ್ಕವಾದರೂ ಯಂತ್ರಕ್ಕೆ ಅದು ಕೂಡುವ, ಗುಣಿಸುವ ಸಣ್ಣ ಹೆಜ್ಜೆಗಳ ಸಾಲು. ಪ್ರತಿಯೊಂದು ಸಂಖ್ಯೆಯ ಬಗಲಲ್ಲೂ ಅದು ಬದಲಾಗುವ ದರವನ್ನು ಜೊತೆಗೂಡಿಸಿ ಕಳಿಸಿದರಾಯಿತು. ಗುಣಾಕಾರ ಬಂದಾಗ ಒಂದರ ದರವನ್ನು ಇನ್ನೊಂದರ ಬೆಲೆಯಿಂದ ಗುಣಿಸಿ ಎರಡನ್ನೂ ಕೂಡಬೇಕು: ಮೂರೊಂದ್ಲ ಮೂರು, ಮತ್ತೆ ಮೂರೊಂದ್ಲ ಮೂರು, ಒಟ್ಟು 6. ಅಂದಾಜಿಲ್ಲ, ಅಂತರವಿಲ್ಲ. ಇದೇ ಸ್ವಯಂಚಾಲಿತ ಅವಕಲನ.

ಆದರೂ ಪ್ರತಿ ಕಾರಣಕ್ಕೂ ಒಂದು ಪಯಣ ಉಳಿಯಿತಲ್ಲ! ಅದನ್ನು ತಪ್ಪಿಸುವ ದಾರಿಯನ್ನು 1970ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಸೆಪ್ಪೊ ಲಿನ್ನಾಯಿನ್‌ಮಾ ಹೆಲ್ಸಿಂಕಿಯ ತನ್ನ ಪ್ರಬಂಧದಲ್ಲಿ ತೋರಿಸಿದ. ರಾಮನಗರದಲ್ಲಿ ರೇಷ್ಮೆ ನೂಲು ಬಿಚ್ಚುವುದನ್ನು ಕಂಡವರಿಗೆ ಇದು ಸುಲಭ. ಹಲವು ಗೂಡುಗಳ ಎಳೆಗಳು ಕೂಡಿ ಒಂದು ನೂಲಾಗುತ್ತದೆ. ಆ ನೂಲಿನ ತುದಿ ಹಿಡಿದು ಹಿಂದಕ್ಕೆ ನಡೆದರೆ, ಒಂದೇ ನಡಿಗೆಯಲ್ಲಿ ಎಲ್ಲ ಗೂಡುಗಳೂ ಸಿಕ್ಕುತ್ತವೆ. ಹಾಗೆಯೇ ಫಲದಿಂದ ಹಿಂದಕ್ಕೆ ಒಂದು ಸಲ ಸಾಗಿದರೆ ಲಕ್ಷ ಕಾರಣಗಳ ಪಾಲೂ ಕೈಗೆ ಬರುತ್ತದೆ. ತಗಲುವ ಶ್ರಮ ಮೂಲ ಲೆಕ್ಕದ ಕೆಲವೇ ಪಟ್ಟು. 1982ರಲ್ಲಿ ಹಾಲ್, ಕಕೂಚಿ, ಶ್ಲೆಸಿಂಜರ್ ಈ ಹಿಮ್ಮುಖ ಮಾರ್ಗವನ್ನು ಹವಾಗುಣದ ಒಂದು ಮಾದರಿಗೆ ಅನ್ವಯಿಸಿದರು. 1999ರಲ್ಲಿ ಮಾರೊಟ್ಸ್ಕೆ, ಗೀರಿಂಗ್ ಮೊದಲಾದವರು ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯ ಸಾಗರ ಮಾದರಿಗೆ ಯಂತ್ರದಿಂದಲೇ ಹಿಮ್ಮುಖ ಪ್ರೋಗ್ರಾಮನ್ನು ಹುಟ್ಟಿಸಿ, ಅಟ್ಲಾಂಟಿಕ್ ಸಾಗರ ಹೊತ್ತೊಯ್ಯುವ ಶಾಖದ ಮೇಲೆ ಎಲ್ಲೆಲ್ಲಿಯ ನೀರಿನ ಬಿಸಿ, ಉಪ್ಪುಗಳ ಪ್ರಭಾವ ಎಷ್ಟೆಂದು ಕಂಡುಕೊಂಡರು.

ಹಿಂದಕ್ಕೆ ನಡೆಯಲು ಬಂದ ದಾರಿಯ ನೆನಪಿರಬೇಕು. ಯಂತ್ರದ ನೆನಪಿಗೆ ಅದು ದೊಡ್ಡ ಹೊರೆ. ಅಲ್ಲಲ್ಲಿ ಗುರುತಿಟ್ಟು, ನಡುವಿನದನ್ನು ಮತ್ತೆ ಲೆಕ್ಕ ಹಾಕುವ ಕ್ರಮವನ್ನು 1992ರಲ್ಲಿ ಗ್ರೀವಾಂಕ್ ಶಾಸ್ತ್ರೀಯವಾಗಿ ವಿವರಿಸಿದ. ಇನ್ನೊಂದು ಕಷ್ಟ ಯಂತ್ರದ್ದಲ್ಲ, ಗಾಳಿಯದು. ವಾಯುಮಂಡಲದಲ್ಲಿ ಸಣ್ಣ ಬದಲಾವಣೆ ದಿನದಿನಕ್ಕೂ ಬೆಳೆಯುತ್ತದೆ. ದೀರ್ಘಕಾಲ ಹಿಂದಕ್ಕೆ ಸಾಗಿದರೆ ದರಗಳು ಅರ್ಥವಿಲ್ಲದಷ್ಟು ಉಬ್ಬುತ್ತವೆಂದು ಲೀ, ಆಲೆನ್, ಹೇಯ್ನ್ 2000ದಲ್ಲಿ ಸರಳ ಮಾದರಿಯಲ್ಲೇ ತೋರಿಸಿದರು. ನಿಧಾನವಾಗಿ ಚಲಿಸುವ ಸಾಗರದಲ್ಲಿ ಸಲ್ಲುವುದು ಮುಂಗಾರಿನ ಮೋಡದಲ್ಲಿ ಸಲ್ಲದು.

ನನಗೆ ಇವೆರಡಕ್ಕಿಂತಲೂ ದೊಡ್ಡದಾಗಿ ತೋರುವ ಮಿತಿ ಮತ್ತೊಂದಿದೆ. ಹಿಮ್ಮುಖ ನಡಿಗೆ ಕಾಣುವುದು ಲೆಕ್ಕದಲ್ಲಿ ಬರೆದ ಕಾರಣಗಳನ್ನು ಮಾತ್ರ. ಅರ್ಕಾವತಿಯ ಅಧ್ಯಯನ ಈ ಯಂತ್ರವನ್ನು ಬಳಸಿದ್ದಲ್ಲ. ಬಳಸಿದ್ದರೂ, ಮಾದರಿಯೊಳಗೆ ಕೊಳವೆಬಾವಿಯನ್ನು ಬರೆಯದೆ ಬಿಟ್ಟಿದ್ದರೆ ಅದು ಮಳೆಗೂ ಬಿಸಿಲಿಗೂ ಅವವುಗಳ ಪಾಲನ್ನು ಕರಾರುವಾಕ್ಕಾಗಿ ಹೇಳಿ, ಬಾವಿಯ ವಿಷಯದಲ್ಲಿ ತುಟಿ ಬಿಚ್ಚುತ್ತಿರಲಿಲ್ಲ.