ಫೋಟೋದಾಗ ಮನುಷ್ಯ ಯಾಕ ನಿಂತಾನ? ಗೋಕಾಕ, ಮೂಡಲಗಿ, ಹುಕ್ಕೇರಿಯ ಒಂದು ಕ್ಯಾಮೆರಾ ಚರಿತ್ರೆ

ಭಾಗ 1 | ಎಲ್ಲಾರ ಫೋಟೋ ಒಂದೇ ಥರ ಯಾಕ?

"ಗೋಕಾಕ ಫಾಲ್ಸ್" ಅಂತ ಒಮ್ಮೆ ಹುಡುಕಿ ನೋಡ್ರಿ. ಕುದುರೆ ಲಾಳದ ಆಕಾರದ ಬಂಡೆ, ಮಳಿಗಾಲದ ಕೆಂಪು ನೀರು, ಮೂಲ್ಯಾಗ ತೂಗು ಸೇತುವೆ. ನಡುವೆ ಎಲ್ಲೋ ಬೆನ್ನು ತಿರುಗಿಸಿ ನಿಂತ ಒಬ್ಬ ಮನುಷ್ಯ, ಕೈ ಎರಡೂ ಅಗಲಕ್ಕ. ಆ ಮನುಷ್ಯ ಅಲ್ಲಿ ಯಾಕ ನಿಂತಾನ? "ಫ್ರೇಮ್ ಖಾಲಿ ಕಾಣಬಾರದು ಅಂತ", "ಫಾಲ್ಸ್ ಎಷ್ಟು ದೊಡ್ಡದು ಅಂತ ಗೊತ್ತಾಗಲಿ ಅಂತ": ಕ್ಲಾಸಿನಾಗ ಬರೋ ಉತ್ತರ ಇವೇ ಎರಡು. ಎರಡನೇ ಉತ್ತರಕ್ಕ ನೂರೈವತ್ತು ವರ್ಷಕ್ಕೂ ಮಿಕ್ಕಿದ ಚರಿತ್ರೆ ಐತಿ. ಈ ಸರಣಿ ಅದರ ಬಗ್ಗೆ. ಸ್ವೈಪ್ ಮಾಡ್ಕೋತ ಬರ್ರಿ.

ಭಾಗ 2 | 1855: ಕ್ಯಾಮೆರಾ ಬಂದದ್ದು ಸರ್ಕಾರಿ ಕೆಲಸಕ್ಕ

ಆಗ ನಮ್ಮ ಸೀಮೆ ಮುಂಬಯಿ ಪ್ರಾಂತ್ಯದಾಗ ಇತ್ತು. ಈಸ್ಟ್ ಇಂಡಿಯಾ ಕಂಪನಿಯವರಿಗೆ ಹಳೆಯ ಗುಡಿ, ಮಸೀದಿ, ಗೋಪುರಗಳ ದಾಖಲೆ ಬೇಕಾಗಿತ್ತು. ಅಲ್ಲಿವರೆಗೂ ಚಿತ್ರಗಾರರು ಕೂತು ಬರೀತಿದ್ರು. ಅದಕ್ಕ ದಿನಗಳು ಬೇಕು, ಖರ್ಚೂ ಹೆಚ್ಚು. ಕ್ಯಾಮೆರಾ ಆದ್ರ ಬೇಗ, ನಿಖರ.

1855ರಲ್ಲಿ ಮುಂಬಯಿ ಸರ್ಕಾರ ಫಿರಂಗಿ ದಳದ ಅಧಿಕಾರಿ ಥಾಮಸ್ ಬಿಗ್ಸ್ ಅವರನ್ನು ಸರ್ಕಾರಿ ಫೋಟೋಗ್ರಾಫರ್ ಆಗಿ ನೇಮಿಸಿತು. ಬಿಗ್ಸ್ ವಿಜಯಪುರ, ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳನ್ನು ಸುತ್ತಿದರು. ಅದೇ ವರ್ಷದ ಕೊನೆಗೆ ಆ ಕೆಲಸ ಡಾಕ್ಟರ್ ಆಗಿದ್ದ ವಿಲಿಯಂ ಪಿಗೂ ಅವರ ಕೈಗೆ ಹೋಯಿತು. ಮೈಸೂರು ಸೀಮೆಯಲ್ಲಿ ಎ.ಸಿ.ಬಿ. ನೀಲ್ ಎಂಬ ಇನ್ನೊಬ್ಬ ಡಾಕ್ಟರ್ ಹಳೇಬೀಡು ಮೊದಲಾದ ಕಡೆ ಫೋಟೋ ತೆಗೆದರು. ಮೂವರ ಫೋಟೋಗಳೂ ಸೇರಿ 1866ರಲ್ಲಿ ಲಂಡನ್ನಿನಲ್ಲಿ ಧಾರವಾಡ ಮತ್ತು ಮೈಸೂರಿನ ವಾಸ್ತುಶಿಲ್ಪದ ದೊಡ್ಡ ಪುಸ್ತಕವಾಗಿ ಬಂದವು. ಮುಂದೆ 1874ರಲ್ಲಿ ಜೇಮ್ಸ್ ಬರ್ಜೆಸ್ ಪಶ್ಚಿಮ ಭಾರತದ ಪುರಾತತ್ವ ಸಮೀಕ್ಷೆ ಶುರು ಮಾಡಿದಾಗ ಮೊದಲ ಹಂಗಾಮಿಗೆ ಆರಿಸಿಕೊಂಡದ್ದು ಬೆಳಗಾವಿ ಮತ್ತು ಕಲಾದಗಿ ಜಿಲ್ಲೆಗಳನ್ನೇ. ಅಂದ್ರ ನಮ್ಮ ಭಾಗದ ಫೋಟೋಗ್ರಫಿ ಮೊದಲು ಕಲಿತ ಕೆಲಸ ಒಂದೇ: ದಾಖಲೆ ಮಾಡೋದು.

ಭಾಗ 3 | ಉದ್ದೇಶ ಚೌಕಟ್ಟನ್ನು ಹೇಗೆ ಕಟ್ಟುತ್ತದೆ

ಆ ಹಳೆಯ ಫೋಟೋಗಳನ್ನ ಈಗಿನ ಕಣ್ಣಿನಿಂದ ನೋಡಿದ್ರ "ಬೋರಿಂಗ್" ಅನಸ್ತಾವ. ಕಟ್ಟಡ ನಟ್ಟನಡುವೆ, ಗೋಡೆ ಸೀದಾ, ಬೆಳಕು ಸಮ. ಆದ್ರ ಫೋಟೋ ನೋಡಿ ಇಂಜಿನಿಯರನೊಬ್ಬ ಕಂಬ ಎಣಿಸಬೇಕಾಗಿತ್ತು, ಪಂಡಿತನೊಬ್ಬ ಶಿಖರದ ಶೈಲಿ ಗುರುತಿಸಬೇಕಾಗಿತ್ತು. ಓರೆ ಕೋನ, ನಾಟಕದ ನೆರಳು ಇಂಥ ಕೆಲಸಕ್ಕ ಅಡ್ಡಿ.

ಸಾಧನವೂ ಹಾಗೇ ಹೇಳುತ್ತಿತ್ತು. ಬಿಗ್ಸ್ ಬಳಸಿದ್ದು ಕಾಗದದ ನೆಗೆಟಿವ್. ಬೆಳಕಿಗೆ ಬಹಳ ಹೊತ್ತು ಒಡ್ಡಬೇಕು. ಅಲುಗಾಡುವುದು ಯಾವುದೂ ಅದರಲ್ಲಿ ಉಳಿಯುವುದಿಲ್ಲ. ನಡೆದು ಹೋದವನು ಮಾಯ, ಅಲುಗಿದ ಎಲೆ ಮಂಜು, ಹರಿಯುವ ನೀರು ಬಿಳಿ ಹೊಗೆ. ಇವತ್ತು ನಾವು ಎನ್‌ಡಿ ಫಿಲ್ಟರ್ ಹಾಕಿ, ಟ್ರೈಪಾಡ್ ಇಟ್ಟು, ರೇಷ್ಮೆಯಂಥ ನೀರು ಬೇಕು ಅಂತ ಪರದಾಡತೇವಿ. ಅವತ್ತು ಅದೊಂದೇ ದಾರಿ ಇತ್ತು. ಈಗ ಅದು ನಮ್ಮ ಆಯ್ಕೆ. ಆಯ್ಕೆ ಅಂದಮ್ಯಾಲ ಯಾಕ ಅಂತ ಕೇಳಿದಾಗ ಉತ್ತರ ಇರಬೇಕು. ಆಗಸ್ಟಿನ ಘಟಪ್ರಭೆಯ ಸಿಟ್ಟು ತೋರಿಸಬೇಕಾದ್ರ ರೇಷ್ಮೆ ಯಾಕ?

ಭಾಗ 4 | ಅಳತೆಗೋಲಾದ ಮನುಷ್ಯ

ಸಮೀಕ್ಷೆಯ ಫೋಟೋಗಳಲ್ಲಿ ಒಂದು ಪದ್ಧತಿ ಇತ್ತು. ಕಂಬದ ಪಕ್ಕ, ಬಾಗಿಲ ಮುಂದ ಒಬ್ಬ ಆಳನ್ನು ನಿಲ್ಲಿಸುವುದು. ಅವನ ಎತ್ತರ ನೋಡಿ ಕಟ್ಟಡದ ಎತ್ತರ ಅಂದಾಜು ಮಾಡಬಹುದು. ಅಡಿಬರಹದಲ್ಲಿ ಗುಡಿಯ ಹೆಸರು ಇರುತ್ತದೆ, ಊರಿನ ಹೆಸರು ಇರುತ್ತದೆ. ಅವನ ಹೆಸರು ಇರುವುದಿಲ್ಲ. ಅಲುಗಾಡದಂಗ ಬಿಸಲಾಗ ನಿಂತವನು ಅವನೇ!

ಈಗ ಭಾಗ 1ರ ಫೋಟೋಕ್ಕ ವಾಪಸ್ ಹೋಗ್ರಿ. ಫಾಲ್ಸ್ ಮುಂದ ಕೈ ಅಗಲಿಸಿ ನಿಂತ ಗೆಳೆಯ, ಸಂಜಿ ಬೆಳಕಿನಾಗ ಕಪ್ಪು ನೆರಳಾಗಿ ಕಾಣೋ ಕೊಡ ಹೊತ್ತ ಅಜ್ಜಿ. ಇವರನ್ನ ನಾವು "ಹ್ಯೂಮನ್ ಎಲಿಮೆಂಟ್" ಅಂತೇವಿ. ಮುಖ ಕಾಣೋದಿಲ್ಲ, ಹೆಸರು ಗೊತ್ತಿಲ್ಲ, ಅವರ ಕೆಲಸ ಅಷ್ಟೇ: ಪ್ರಮಾಣ ತೋರಿಸೋದು. ಬಿಗ್ಸ್ ಕಾಲದ ಪದ್ಧತಿಯನ್ನ ಗೊತ್ತಿಲ್ಲದಂಗ ಮುಂದುವರಿಸಿದೇವಿ.

ಭಾಗ 5 | ಚೌಕಟ್ಟಿನ ಆಚೆ ಉಳಿದ ಗಿರಣಿ

ಗೋಕಾಕ ಊರಿನಿಂದ ಸುಮಾರು 6 ಕಿ.ಮೀ. ದೂರದ ಈ ಜಲಪಾತ ಮರಳುಗಲ್ಲಿನ ಕಮರಿಗೆ ಸುಮಾರು 52 ಮೀಟರ್ ಧುಮುಕುತ್ತದೆ. ದಂಡೆಯ ಮೇಲೆ ಚಾಲುಕ್ಯರ ಕಾಲದ ಗುಡಿಗಳಿವೆ. ಅದರ ಪಕ್ಕದಲ್ಲೇ 1885ರಲ್ಲಿ ಶುರುವಾದ ಗೋಕಾಕ ಮಿಲ್ಲು. ಇದೇ ನೀರಿನ ಬಲದಿಂದ ಗಿರಣಿಯ ಯಂತ್ರಗಳು ತಿರುಗಿದವು. ಗಿರಣಿಯ ಸುತ್ತ ಕಾರ್ಮಿಕರ ಊರೇ ಬೆಳೆಯಿತು. ಮೇಲ್ಗಡೆ ಧೂಪದಾಳದಲ್ಲಿ ನೀರು ತಡೆದು ಕಾಲುವೆಗೆ ಬಿಟ್ಟರು. ಬ್ಯಾಸಿಗ್ಯಾಗ ಫಾಲ್ಸಿಗೆ ಹೋದವರಿಗೆ ಬರೀ ಬಂಡಿ ಕಾಣೋದಕ್ಕ ಅದೂ ಒಂದು ಕಾರಣ. ಆ ನೀರು ಹೊಲದಾಗ ಇರತೈತಿ.

ಹಂಗಾದ್ರ ಈ ಜಾಗದ ಕಥಿ ಯಾವುದು? ನೀರಷ್ಟೇನಾ? ನೀರು, ಹತ್ತಿ, ಪಾಳಿ ಮುಗಿಸಿ ಹೊರಗ ಬರೋ ಜನ, ಕಾಲುವಿ, ಕಬ್ಬು ಎಲ್ಲಾ ಸೇರಿದ್ದಾ? ನಾವು ಕ್ಯಾಮೆರಾ ಎರಡು ಹೆಜ್ಜಿ ಸರಿಸಿ ಗಿರಣಿಯನ್ನ ಹೊರಗ ಇಡತೇವಿ, "ಡಿಸ್ಟರ್ಬ್ ಆಗತೈತಿ" ಅಂತ. ಏನು ಒಳಗ ಬೇಕು ಅನ್ನೋದರಷ್ಟೇ ಏನು ಹೊರಗ ಬಿಡಬೇಕು ಅನ್ನೋದೂ ಸಂಯೋಜನೆ. ಹೊರಗ ಬಿಟ್ಟದ್ದೂ ಒಂದು ಮಾತು ಹೇಳತೈತಿ.

ಭಾಗ 6 | ಮೂರರ ನಿಯಮ ಕ್ಯಾಮೆರಾಕ್ಕಿಂತ ಹಳೇದು

ಮೊಬೈಲಿನಾಗ ಗ್ರಿಡ್ ಆನ್ ಮಾಡಿದ್ರ ಬರೋ ಗೆರಿ ಗೊತ್ತಲ್ಲ? "ಮೂರರ ನಿಯಮ" ಅನ್ನುವ ಹೆಸರನ್ನು 1797ರಲ್ಲೇ ಜಾನ್ ಥಾಮಸ್ ಸ್ಮಿತ್ ಎಂಬ ಇಂಗ್ಲೆಂಡಿನ ಚಿತ್ರಗಾರ ತನ್ನ ಪುಸ್ತಕದಲ್ಲಿ ಬರೆದ. ಅದು ಹಳ್ಳಿಯ ನೋಟಗಳನ್ನು ಚಿತ್ರಿಸುವವರಿಗೆ ಹೇಳಿದ ಮಾತು. ಆಗ ಕ್ಯಾಮೆರಾದ ಫೋಟೋ ಅನ್ನುವುದೇ ಇರಲಿಲ್ಲ.

ನಿಯಮ ತಪ್ಪು ಅಂತ ಹೇಳತಿಲ್ಲ. ಅದು ಕಣ್ಣಿಗೆ ಹಿತ ಮಾಡುವ ಉಪಾಯ. ಆದ್ರ ಹುಕ್ಕೇರಿಯ ಆದಿಲ್‌ಶಾಹಿ ಕಾಲದ ಗುಮ್ಮಟದ ಮುಂದ ನಿಂತಾಗ ಗ್ರಿಡ್ ನಿಮಗ "ಎಲ್ಲಿ" ಅಂತ ಹೇಳತೈತಿ, "ಯಾಕ" ಅಂತ ಹೇಳೋದಿಲ್ಲ. ಗುಮ್ಮಟದ ಸಮತೆ ತೋರಿಸಬೇಕಾದ್ರ ಅದನ್ನ ನಟ್ಟನಡುವೆ ಇಡೋದೇ ಸರಿ. ಅದರ ಬುಡದಾಗ ಊರು ಹೆಂಗ ಬದುಕತೈತಿ ಅಂತ ತೋರಿಸಬೇಕಾದ್ರ ಗುಮ್ಮಟ ಮೂಲಿಗೆ ಹೋದ್ರೂ ನಡೀತೈತಿ.

ಭಾಗ 7 | ಟಿ.ಎಸ್. ಸತ್ಯನ್: ಮನುಷ್ಯನೇ ವಿಷಯ

1923ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಟಿ.ಎಸ್. ಸತ್ಯನ್ ನಮ್ಮ ನಾಡು ಕಂಡ ದೊಡ್ಡ ಪತ್ರಿಕಾ ಛಾಯಾಗ್ರಾಹಕರಲ್ಲಿ ಒಬ್ಬರು. ಅವರಿಗೆ 1977ರಲ್ಲಿ ಪದ್ಮಶ್ರೀ ಬಂತು. ಅಂತರರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ ಯುನಿಸೆಫ್ ಅವರ ಮಕ್ಕಳ ಫೋಟೋಗಳ ಪ್ರದರ್ಶನವನ್ನು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಏರ್ಪಡಿಸಿತು. ತಮ್ಮ ನೆನಪುಗಳನ್ನು ಅವರು "ಕಾಲಕ್ಕೆ ಕನ್ನಡಿ" ಎಂದು ಕನ್ನಡದಲ್ಲೇ ಬರೆದಿದ್ದಾರೆ. 2009ರಲ್ಲಿ ತೀರಿಕೊಂಡರು.

ಸತ್ಯನ್ ಫೋಟೋಗಳಾಗ ದೊಡ್ಡ ಘಟನೆ ಇರಬೇಕಂತಿಲ್ಲ. ಶಾಲೆಯ ಮಗು, ಕೆಲಸದಾಗ ಮುಳುಗಿದ ಹೆಂಗಸು, ಬೀದಿಯ ಮುದುಕ. ಇಲ್ಲಿ ಮನುಷ್ಯ ಯಾವ ಕಂಬದ ಅಳತಿಗೂ ನಿಂತಿಲ್ಲ. ಅವನ ಮುಖಕ್ಕಾಗಿಯೇ ಚೌಕಟ್ಟು ಬಂದದ. ಹಿನ್ನೆಲೆ ಅವನಿಗೆ ಸಹಾಯ ಮಾಡತೈತಿ.

ಇದನ್ನ ಕಲೀಲಿಕ್ಕ ಮೂಡಲಗಿಯ ದನದ ಸಂತಿಗಿಂತ ಒಳ್ಳೆ ಕ್ಲಾಸ್ ಬೇಕಾ? ಅಲ್ಲಿ ಕೊಂಬು, ಹಗ್ಗ, ಧೂಳು, ರುಮಾಲು ಎಲ್ಲಾ ಒಂದರ ಮ್ಯಾಲೊಂದು. ಮೊದಲ ಹತ್ತು ನಿಮಿಷ ಎಲ್ಲಾನೂ ಫೋಟೋ ಅನಸತೈತಿ. ಆಮ್ಯಾಲ ಒಬ್ಬ ರೈತನ ಕೈ ಎಮ್ಮಿ ಬೆನ್ನಿನ ಮ್ಯಾಲಿಂದ ಸರಿಯೋದೇ ಇಲ್ಲ ಅಂತ ಕಾಣಸತೈತಿ. ಮಾರಲಿಕ್ಕ ಬಂದಾನ, ಬಿಡಲಿಕ್ಕ ಮನಸಿಲ್ಲ. ಅದು ಕಂಡಮ್ಯಾಲ ಉಳಿದದ್ದನ್ನ ಚೌಕಟ್ಟಿನಿಂದ ತೆಗೀತಾ ಹೋಗೋದು ಸುಲಭ. ಉದ್ದೇಶ ಮೊದಲು ಸಿಕ್ಕರ ಸಂಯೋಜನೆ ಅದರ ಹಿಂದ ಬರತೈತಿ.

ಭಾಗ 8 | ಹುನ್ನೂರಿನ ಗುಡಿ, 2019ರ ಹೊಳಿ

ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯ 1977ರಲ್ಲಿ ಪೂರ್ತಿಯಾಯಿತು. ಸುಮಾರು 51 ಟಿಎಂಸಿ ನೀರು ಹಿಡಿಯುತ್ತದೆ. ಹುನ್ನೂರಿನ ವಿಠ್ಠಲ ಗುಡಿ ಅದರ ಹಿನ್ನೀರಿನಲ್ಲಿ ಮುಳುಗುತ್ತದೆ, ನೀರು ಇಳಿದಾಗ ಮತ್ತೆ ಕಾಣುತ್ತದೆ. ಅರ್ಧ ಮುಳುಗಿದ ಗುಡಿ, ನೀರಾಗ ಅದರ ನೆರಳು: ಎಲ್ಲಾರ ಪೇಜಿನಾಗೂ ಐತಿ, ಚೆಂದನೂ ಐತಿ. ಆದ್ರ ಆ ಗುಡಿಗೆ ಹಬ್ಬಕ್ಕ ಬರತಿದ್ದ ಊರು ಇತ್ತು, ಸುತ್ತ ಹೊಲ ಇದ್ವು. ನೀರು ಇಳಿದಾಗ ಅಲ್ಲಿಗೆ ಕೈ ಮುಗಿಯಲಿಕ್ಕ ಬರೋರ ಮುಖ ಎಷ್ಟು ಫೋಟೋದಾಗ ಅದಾವ?

ಇನ್ನು 2019ರ ಆಗಸ್ಟ್. ಹಿಡಕಲ್ ತುಂಬಿ ನೀರು ಬಿಟ್ಟರು, ಮಾರ್ಕಂಡೇಯ ಹೊಳಿನೂ ಉಕ್ಕಿತು. ಗೋಕಾಕ ಊರೊಳಗ ನೀರು ನುಗ್ಗಿತು, ಲೋಳಸೂರ ಸೇತುವೆ ಮುಳುಗಿತು, ಮೂಡಲಗಿ ಕಡೆಯ ಹೊಳಿದಂಡಿ ಹಳ್ಳಿಗಳ ಜನ ಮನಿ ಬಿಟ್ಟರು. ವಿಚಾರ ಮಾಡ್ರಿ. ಫಾಲ್ಸಿನ್ಯಾಗ ಅತೀ ರುದ್ರವಾಗಿ, ಅತೀ ಚೆಂದ ಕಂಡ ನೀರೇ 6 ಕಿ.ಮೀ. ಕೆಳಗ ಯಾರದೋ ಅಡಗಿಮನಿ ಹೊಕ್ಕಿತ್ತು. ಒಂದೇ ಹೊಳಿ. ಎಲ್ಲಿ ನಿಂತು ತೆಗೀತೀರಿ ಅನ್ನೋದರ ಮ್ಯಾಲ ಅದು ಪ್ರವಾಸದ ಫೋಟೋ ಆಗತೈತಿ ಅಥವಾ ಪರಿಹಾರಕ್ಕ ಸಾಕ್ಷಿ ಆಗತೈತಿ.

ಊರೊಳಗ ನಿಂತು ತೆಗೆದರೂ ಜವಾಬ್ದಾರಿ ಮುಗಿಯೋದಿಲ್ಲ. 1936ರಲ್ಲಿ ಅಮೆರಿಕದ ಡೊರೊಥಿಯಾ ಲ್ಯಾಂಗ್, ಹಸಿದ ಕೂಲಿಕಾರರ ಬಿಡಾರದಲ್ಲಿ ಒಬ್ಬ ತಾಯಿಯ ಹಲವು ಫೋಟೋ ತೆಗೆದರು. ಒಂದೊಂದಕ್ಕೂ ಹತ್ತಿರ ಸರಿದರು. ಕೊನೆಗೆ ಡೇರೆ, ಸಾಮಾನು ಎಲ್ಲಾ ಹೊರಗೆ ಹೋಗಿ ಮುಖ, ಕೈ, ಮಕ್ಕಳು ಮಾತ್ರ ಉಳಿದವು. ಸಂಯೋಜನೆಯ ಪಾಠ ಅಂದ್ರ ಅದು. ಆದರೆ ಲ್ಯಾಂಗ್ ಆ ತಾಯಿಯ ಹೆಸರು ಕೇಳಲಿಲ್ಲ. ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂದು ಜಗತ್ತಿಗೆ ಗೊತ್ತಾದದ್ದು 1978ರಲ್ಲಿ. ಅಷ್ಟೊತ್ತಿಗೆ ಅವರ ಮುಖ ಎಲ್ಲಾ ಕಡೆ ಅಚ್ಚಾಗಿತ್ತು, ಅವರಿಗೆ ಅದರಿಂದ ಬಂದದ್ದು ಏನೂ ಇರಲಿಲ್ಲ. ಆ ಬೇಸರವನ್ನು ಅವರೇ ಹೇಳಿಕೊಂಡರು. ಒಳ್ಳೆ ಉದ್ದೇಶದ, ಒಳ್ಳೆ ಫೋಟೋದಾಗೂ ಇದು ಆಗತೈತಿ.

ಭಾಗ 9 | ಬಟನ್ ಒತ್ತೋ ಮೊದಲ

ಈ ಸೆಮಿಸ್ಟರಿನ ಪೋರ್ಟ್‌ಫೋಲಿಯೋ ಮಾಡೋರಿಗೆ ನಾಲ್ಕು ಪ್ರಶ್ನೆ. ಸೇವ್ ಮಾಡಿ ಇಟ್ಕೋರಿ.

ಈ ಫೋಟೋ ಏನು ಹೇಳಬೇಕು? ಒಂದು ವಾಕ್ಯದಾಗ, ಕನ್ನಡದಾಗ, ಮೊದಲು ಬರೀರಿ. "ಚೆಂದ ಐತಿ" ಅನ್ನೋದು ವಾಕ್ಯ ಅಲ್ಲ.

ಏನನ್ನ ಹೊರಗ ಬಿಟ್ಟಿರಿ? ಬಿಟ್ಟದ್ದಕ್ಕ ಕಾರಣ ಐತ್ಯಾ?

ಒಳಗ ಇರೋ ಮನುಷ್ಯ ಅಳತೆಗೋಲಾ, ವಿಷಯಾನಾ? ಅಳತಿಗಾದ್ರ ಆಗಲಿ, ಅದೂ ಒಂದು ಕೆಲಸ. ಆದ್ರ ಅದು ನಿಮಗ ಗೊತ್ತಿರಲಿ.

ಅವರ ಹೆಸರು ಕೇಳಿದಿರಾ? ಫೋಟೋ ಹಾಕಲಿಕ್ಕ ಒಪ್ಪಿಗಿ ಸಿಕ್ಕಿತಾ? ಬ್ಯಾಡ ಅಂದ್ರ ಬ್ಯಾಡ.

ಮುಂದಿನ ರವಿವಾರದ ಕೆಲಸ: ಫಾಲ್ಸಿಗೆ ಹೋಗ್ರಿ, ಆದ್ರ ನೀರು ಚೌಕಟ್ಟಿನಾಗ ಬರಬಾರದು. ಗೋಕಾಕ ಫಾಲ್ಸ್ ಅಂತ ಗೊತ್ತಾಗಬೇಕು. ಚುರುಮುರಿ ಮಾರೋ ಅಕ್ಕ, ಗಿರಣಿ ಗ್ವಾಡಿ, ತೊಯ್ದ ಚಪ್ಪಲಿ, ಏನರ ಇರಲಿ. ಒಂದೇ ಫೋಟೋ, ಅದರ ಕೆಳಗ ನಿಮ್ಮ ಆ ಒಂದು ವಾಕ್ಯ. ಟ್ಯಾಗ್ ಮಾಡ್ರಿ, ಎಲ್ಲಾರೂ ಕೂಡಿ ನೋಡೋಣು.

#ಗೋಕಾಕ #ಮೂಡಲಗಿ #ಹುಕ್ಕೇರಿ #ನಮ್ಮಘಟಪ್ರಭೆ #ಫೋಟೋಚರಿತ್ರೆ